ಠೀವಿಯ ಠ

ಜೂನ್ ೩, ಸೋಮವಾರ

ಈ ದಿನಚರಿಯನ್ನೇ ನ್ಯಾಯಪೀಠವೆಂದು ಭಾವಿಸಿ, ಬಲಗೈಯಲ್ಲಿ ಪೆನ್ನು ಹಿಡಿದು, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು (ಎದೆ ಎಲ್ಲಿ ಮುಗಿಯುತ್ತದೆ, ಹೊಟ್ಟೆ ಎಲ್ಲಿ ಶುರುವಾಗುತ್ತದೆ ಎಂಬ ಗಡಿವಿವಾದವನ್ನು ಸದ್ಯಕ್ಕೆ ಬದಿಗಿಟ್ಟು) ಒಪ್ಪಿಕೊಳ್ಳುತ್ತೇನೆ: ಇಂದು ಸಂಜೆ ನಾನು ಕಳ್ಳತನ ಮಾಡಿದೆ. ಕದ್ದ ಮಾಲು, ಒಂದು ಫೋಟೋ. ಮಾಲಿನ ಒಡೆಯ, ಜಿಮ್. ಫೋಟೋದಲ್ಲಿರುವ ವ್ಯಕ್ತಿ, ಕಳ್ಳ. ಕೆಲಸಕ್ಕೆ ಬಾರದ ಸೋಮಾರಿಯನ್ನು ಮೈಗಳ್ಳ ಎನ್ನುತ್ತೇವೆ. ಆ ಪದಕ್ಕೆ ಅಕ್ಷರಶಃ ಅರ್ಥ ತಂದುಕೊಟ್ಟವನು ನಾನೇ ಇರಬೇಕು. ನನ್ನ ಮೈಯನ್ನೇ ಕದ್ದು ಮನೆಗೆ ತಂದಿದ್ದೇನೆ.

ಜಿಮ್ಮಿನ ಬಾಗಿಲ ಪಕ್ಕ ಒಂದು ಹಲಗೆಯಿದೆ. ಎಡಕ್ಕೆ ‘ಮೊದಲು’, ಬಲಕ್ಕೆ ‘ನಂತರ’. ಸೇರಿದ ದಿನವೇ ತರಬೇತುದಾರ ಪ್ರತಿಯೊಬ್ಬರ ಅಂಗಿ ಬಿಚ್ಚಿಸಿ, ಪಕ್ಕಕ್ಕೆ ತಿರುಗಿಸಿ, ಫೋಟೋ ಹಿಡಿದು ‘ಮೊದಲು’ ಸಾಲಿಗೆ ಗುಂಡುಪಿನ್ನಿನಿಂದ ಚುಚ್ಚುತ್ತಾನೆ. ನಾನು ಶಿಸ್ತಾಗಿ ನಿಂತಿದ್ದೆ.

“ಸಾರ್, ಉಸಿರು ಬಿಡಿ” ಅಂದ.

“ಬಿಟ್ಟೇ ಇದ್ದೀನಿ.”

“ಎಲ್ಲಿ ಬಿಟ್ಟಿದ್ದೀರಿ? ಮುಖ ಕೆಂಪಾಗ್ತಿದೆ. ಬಿಡಿ ಸಾರ್, ಯಾರೂ ನೋಡಲ್ಲ.”

ಬಿಟ್ಟೆ. ಅದೇ ಕ್ಷಣಕ್ಕೆ ಕ್ಲಿಕ್ಕಿಸಿದ. ಮರುದಿನದಿಂದ ಎಲ್ಲರೂ ನೋಡಿದರು.

ಇಂದು ಹುಡುಗರೆಲ್ಲ ಕನ್ನಡಿಯಲ್ಲಿ ಮುಳುಗಿದ್ದಾಗ ಪಿನ್ನು ಕಿತ್ತು ಫೋಟೋವನ್ನು ಜೇಬಿಗಿಳಿಸಿದೆ. ಈಗ ಅದು ನನ್ನ ದೊಡ್ಡ ನಿಘಂಟಿನೊಳಗೆ ‘ಹೊಟ್ಟೆಕಿಚ್ಚು’ ಪದದ ಪುಟದಲ್ಲಿ ಸುರಕ್ಷಿತವಾಗಿದೆ. ಈ ಮನೆಯಲ್ಲಿ ನಿಘಂಟು ತೆರೆಯುವವನು ನಾನೊಬ್ಬನೇ. ಶಾಲಾ ಪುಸ್ತಕದ ಅಚ್ಚಿನ ಮನೆಯಲ್ಲಿ ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಕೂತು ಕೂತು ಪಾಡು ಕರಗಿತು, ಹೊಟ್ಟೆ ಉಳಿಯಿತು.

ವೈದ್ಯರು ಹೇಳಿದ್ದಕ್ಕೆ ಜಿಮ್ಮಿಗೆ ಸೇರಿದೆ ಎಂದು ಮನೆಯವಳಿಗೂ ಕಚೇರಿಗೂ ಹೇಳಿದ್ದೇನೆ. ವೈದ್ಯರು ಏನೂ ಹೇಳಿಲ್ಲ. ಹೇಳಿದವನು ಕಾಲೇಜಿನ ಹಳೆಯ ಸಹಪಾಠಿ. ನಾವೆಲ್ಲ ಸೇರಿ ತೆಗೆಸಿಕೊಂಡ ಫೋಟೋದ ಕೆಳಗೆ, ನನ್ನ ಕಡೆ ಬಾಣದ ಗುರುತು ಹಾಕಿ, “ಇವನ ಹಿಂದೆ ಇನ್ನಿಬ್ಬರು ನಿಂತಿದ್ದರು, ಯಾರು ನೆನಪಿದೆಯಾ?” ಎಂದು ಫೋನಿನ ಗುಂಪಿಗೆ ಬರೆದಿದ್ದ. ಎಲ್ಲರೂ ನಗುವ ಮುಖಗಳನ್ನು ಹಾಕಿದರು. ನಾನೂ ಹಾಕಿದೆ, ಎಲ್ಲರಿಗಿಂತ ದೊಡ್ಡದನ್ನು.

ಹಾಗೆಂದು ನನ್ನ ಮೈ ಬಗ್ಗೆ ನನಗೆ ನಾಚಿಕೆಯೇನಿಲ್ಲ. ನಾಚಿಕೆಯಿರುವುದು ಫೋಟೋ ಬಗ್ಗೆ.

ಜೂನ್ ೬, ಗುರುವಾರ

ತನಿಖೆ ಮುಗಿಯಿತು. ಹಲಗೆಯ ಖಾಲಿ ಜಾಗವನ್ನು ನೋಡಿ ತರಬೇತುದಾರ, “ಗಾಳಿಗೆ ಹಾರಿಹೋಗಿರ್ಬೇಕು ಸಾರ್” ಅಂದ. ಗಾಳಿಗೆ ಹಾರುವಷ್ಟು ಹಗುರ ಎಂದು ನನ್ನನ್ನು ಈವರೆಗೆ ಯಾರೂ ಅಂದಿರಲಿಲ್ಲ. ಇಡೀ ದಿನ ಖುಷಿಯಾಗಿದ್ದೆ.

ಬೇಸರವಾದದ್ದು ಕನ್ನಡಕದಂಗಡಿಯವರಿಗೆ ಮಾತ್ರ. ಅವರೂ ನಾನೂ ಒಂದೇ ದಿನ ಸೇರಿದವರು, ಫೋಟೋಗಳು ಅಕ್ಕಪಕ್ಕದಲ್ಲಿದ್ದವು. ಉಳಿದವರ ‘ಮೊದಲು’ಗಳಿಗೆಲ್ಲ ಬಲಗಡೆ ಒಂದೊಂದು ತೆಳ್ಳನೆಯ ‘ನಂತರ’ ಬಂದಾಗಿದೆ. ನಂತರ ಇಲ್ಲದ ಮೊದಲುಗಳೆಂದರೆ ನಾವಿಬ್ಬರೇ.

“ಎಲ್ಲಿ ಹೋದ್ರಿ ಗುರುಗಳೇ?” ಎಂದು ಹಲಗೆ ತೋರಿಸಿ ಕೇಳಿದರು. “ಪಕ್ಕದಲ್ಲಿ ನೀವಿದ್ರಿ ಅಂತ ನನಗೊಂದು ಧೈರ್ಯ ಇತ್ತು.”

ನನಗಿಂತ ಒಂದು ಸುತ್ತು ದೊಡ್ಡ ಮನುಷ್ಯ. ಬೆವರು ಒರೆಸಿಕೊಳ್ಳುತ್ತ ನಗುತ್ತಾರೆ, ನಗುತ್ತ ಮತ್ತೆ ಬೆವರುತ್ತಾರೆ. ನಾನು ದಿನವೂ ಅವರ ಪಕ್ಕದ ಟ್ರೆಡ್‌ಮಿಲ್ಲನ್ನೇ ಹತ್ತುತ್ತೇನೆ. ಇದನ್ನವರು ಸ್ನೇಹವೆಂದು ತಿಳಿದಿದ್ದಾರೆ. ಎದುರಿನ ಕನ್ನಡಿಯಲ್ಲಿ ಅವರ ಪಕ್ಕ ನಾನು ಸಣ್ಣಗೆ ಕಾಣುತ್ತೇನೆ ಎಂಬುದನ್ನು ಈ ಪುಟಕ್ಕೆ ಮಾತ್ರ ಹೇಳಬಹುದು.

ಜೂನ್ ೧೩, ಗುರುವಾರ

ಜಿಮ್ಮಿನ ಹುಡುಗರ ನಾಯಕನಿಗೆ ನಾನಿಟ್ಟ ಹೆಸರು ತೋಳ. ಇದ್ದದ್ದೆಲ್ಲ ತೋಳು, ಹೆಸರಿನಲ್ಲಿ ಒಂದು ಕೊಂಬು ಕಳೆದರೂ ಅರ್ಥ ಕೆಡುವುದಿಲ್ಲ. ಕನ್ನಡಿಯೆದುರು ಅದೇ ತೋಳಿನ ಫೋಟೋ ತೆಗೆದುಕೊಳ್ಳುತ್ತಾನೆ, ನಿನ್ನೆಯ ಫೋಟೋ ಪಕ್ಕದಲ್ಲಿಟ್ಟು ಹೋಲಿಸುತ್ತಾನೆ.

“ಅಂಕಲ್, ನೀವು ತಪ್ಪು ಹುಡುಕೋ ಕೆಲಸದವರಲ್ವಾ? ನಿಜ ಹೇಳಿ. ಈ ಕೈ ಆ ಕೈಗಿಂತ ಸಣ್ಣ ಅಲ್ವಾ?”

“ಎರಡೂ ನನ್ನ ತೊಡೆಗಿಂತ ದಪ್ಪ ಇವೆ ಕಣಯ್ಯ.”

“ಸುಮ್ನೆ ಹೇಳ್ತೀರಿ. ಸಣ್ಣ ಇದೆ” ಎಂದು ಮುಖ ಚಿಕ್ಕದು ಮಾಡಿಕೊಂಡ. ಅವನ ಮೈಯಲ್ಲಿ ಚಿಕ್ಕದಾಗಲು ಒಪ್ಪಿದ್ದು ಅದೊಂದೇ.

ಅಷ್ಟರಲ್ಲಿ ಕನ್ನಡಕದಂಗಡಿಯವರು ಒಳಗೆ ಬಂದರು. ತೋಳ ಕಣ್ಣು ಮಿಟುಕಿಸಿದ. “ಅಂಕಲ್, ನಿಮ್ಮ ಜೋಡಿ ಬಂತು. ನಿಮ್ಮಿಬ್ರಲ್ಲಿ ಅಣ್ಣ ಯಾರು, ತಮ್ಮ ಯಾರು?”

ಹುಡುಗರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅಣ್ಣತಮ್ಮ! ಕನ್ನಡಿ ನನಗೆ ತೋರಿಸುತ್ತಿದ್ದ ವ್ಯತ್ಯಾಸ ಇವರ ಕಣ್ಣಿಗೆ ಬಿದ್ದೇ ಇಲ್ಲ!

ಅವರು ಬಟ್ಟೆ ಬದಲಿಸಲು ಒಳಕೋಣೆಗೆ ಹೋದರು. ಕಬ್ಬಿಣ ಜಾರದಿರಲೆಂದು ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ ಬೆರಳಿಗಂಟಿತ್ತು. ನೆಲದ ಕಪ್ಪು ರಬ್ಬರಿನ ಮೇಲೆ ಒಂದು ಅಕ್ಷರ ಬರೆದೆ. “ಅವರು ನನ್ನ ಅಣ್ಣ ಅಲ್ಲ. ವರ್ಣಮಾಲೆಯಲ್ಲಿ ಬರ್ತಾರೆ, ನೋಡಿ.” ದುಂಡನೆಯ ಸುತ್ತು, “ಇದು ಹೊಟ್ಟೆ.” ನಟ್ಟನಡುವೆ ಚುಕ್ಕೆ, “ಇದು ಹೊಕ್ಕುಳು. ಠ!”

ಏನು ನಗು! ಒಬ್ಬ ನಗುತ್ತ ಎತ್ತಿದ್ದ ಭಾರವನ್ನು ಕೆಳಗೆ ಹಾಕಿಬಿಟ್ಟ. ತೋಳ ನನ್ನ ಬೆನ್ನು ತಟ್ಟಿ, “ಅಂಕಲ್, ನೀವು ಸಕತ್” ಅಂದ. ಜಿಮ್ಮಿಗೆ ಸೇರಿದ ಮೇಲೆ ನನ್ನ ದೇಹದ ಯಾವುದಾದರೂ ಭಾಗಕ್ಕೆ ಸಿಕ್ಕ ಮೊದಲ ಮನ್ನಣೆ ಅದು.

ಕಾಲಿನಿಂದ ಅಕ್ಷರವನ್ನು ಉಜ್ಜಿ ಅಳಿಸಿದೆ. ಹೋಗಿದೆ ಅಂದುಕೊಂಡಿದ್ದೇನೆ.

ಜೂನ್ ೧೭, ಸೋಮವಾರ

ಹೋಗಿಲ್ಲ. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಕಾಲೇಜಿನಲ್ಲಿ ಓದಿದ್ದೆ. ಆ ವ್ಯುತ್ಪತ್ತಿ ಇಷ್ಟು ಭಯಂಕರವೆಂದು ಮೇಷ್ಟ್ರು ಹೇಳಿರಲಿಲ್ಲ.

ಟ್ರೆಡ್‌ಮಿಲ್ಲಿನ ಮೇಲೆ ಅವರು ಏದುಸಿರಿನ ನಡುವೆ ಕೇಳಿದರು: “ಗುರುಗಳೇ, ಈ ಹುಡುಗ್ರು ನನ್ನ ಕಂಡ್ರೆ ‘ಠ ಬಂತು, ಠ ಬಂತು’ ಅಂತಾರಲ್ಲ, ಏನದು? ನೀವು ಅಕ್ಷರದವರು, ನಿಮಗೆ ಗೊತ್ತಿರುತ್ತೆ.”

ಯಂತ್ರದ ವೇಗ ಹೆಚ್ಚಿಸಿದೆ. ಓಡುವವನಿಗೆ ಉತ್ತರಿಸುವ ಕಷ್ಟವಿರುವುದಿಲ್ಲ ಎಂದೆಣಿಸಿದ್ದೆ. ಅವರು ಕಾದರು. ನಾನು ಎಷ್ಟು ದೂರ ಓಡಿದರೂ ಅಲ್ಲೇ ಇದ್ದೆ. ಅದು ಆ ಯಂತ್ರದ ಗುಣ.

“ಠ ಅಂದ್ರೆ…” ಎಂದೆ. “ಠೀವಿ. ನಡಿಗೆಯಲ್ಲಿ ಒಂದು ಠೀವಿ ಇದೆಯಲ್ಲ ನಿಮ್ಮದು. ಅದಕ್ಕೇ.”

ಅವರ ಮುಖ ಅರಳಿತು. ಕನ್ನಡಿಯ ಕಡೆ ನೋಡಿ ಬೆನ್ನು ನೆಟ್ಟಗೆ ಮಾಡಿಕೊಂಡರು. ಆ ಕನ್ನಡಿಯಲ್ಲಿ ತನ್ನನ್ನು ನೋಡಿ ಸಂತೋಷಪಟ್ಟ ಮನುಷ್ಯನನ್ನು ನಾನು ಕಂಡದ್ದು ಇದೇ ಮೊದಲು.

ಜೂನ್ ೨೫, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಅವರು ಇಂದು ಹೊಸ ಟೀ ಶರ್ಟ್ ಹಾಕಿಕೊಂಡು ಬಂದರು. ಹಳದಿ. ಎದೆಯ ಮೇಲೆ, ಎದೆಯಿಂದ ಸ್ವಲ್ಪ ಕೆಳಗೆಂದೇ ಹೇಳಬೇಕು, ಅಂಗೈಯಗಲದ ಕಪ್ಪು ಅಕ್ಷರ. ಠ. ಅಚ್ಚು ಹಾಕಿಸಿಕೊಂಡಿದ್ದಾರೆ! ಅಕ್ಷರದ ಚುಕ್ಕೆ ಸರಿಯಾಗಿ ಹೊಕ್ಕುಳ ಮೇಲೆ ಕೂತಿತ್ತು. ಕರಡು ತಿದ್ದುವ ನನ್ನ ಇಷ್ಟು ವರ್ಷಗಳಲ್ಲಿ ಅಷ್ಟು ತಪ್ಪಿಲ್ಲದ ಮುದ್ರಣವನ್ನು ಕಂಡಿಲ್ಲ.

“ಹೇಗಿದೆ ಗುರುಗಳೇ? ಮನೆಯವಳು ಏನಿದು ಅಂದ್ಲು. ಠೀವಿ ಅಂದೆ. ‘ಅಯ್ಯೋ, ಮಹಾ!’ ಅಂದ್ಲು. ಆದ್ರೂ ಅವಳೇ ಇಸ್ತ್ರಿ ಮಾಡಿಕೊಟ್ಲು.”

ಹುಡುಗರು ಒಬ್ಬೊಬ್ಬರಾಗಿ ಸ್ನಾನದ ಕೋಣೆಗೆ ಓಡಿ ನಕ್ಕು ಬಂದರು. ತೋಳ ಅವರ ಜೊತೆ ನಿಂತು ಫೋಟೋ ತೆಗೆಸಿಕೊಂಡ. ಅವರು ಎರಡು ಕೈಯನ್ನೂ ಸೊಂಟದ ಮೇಲಿಟ್ಟು, ಹೊಟ್ಟೆಯನ್ನು ಒಂದಿಷ್ಟೂ ಒಳಗೆಳೆಯದೆ ನಿಂತರು. ನಾನು ನೀರು ಕುಡಿಯಲು ಹೋದೆ. ಬಹಳ ಹೊತ್ತು ಕುಡಿದೆ.

ಹೇಳಬೇಕಿತ್ತು. ಒಂದು ಮಾತು, “ಇದನ್ನು ಹಾಕ್ಕೋಬೇಡಿ” ಎಂದಾದರೂ. ಹೇಳಿದರೆ ಏಕೆ ಎಂದು ಕೇಳುತ್ತಾರೆ.

ಜುಲೈ ೧, ಸೋಮವಾರ

ಕಪ್ಪಂಗಿಯಲ್ಲಿ ಸಣ್ಣಗೆ ಕಾಣುತ್ತೇವೆಂದು ಎಲ್ಲೋ ಓದಿ ಕಪ್ಪು ಅಂಗಿಗಳನ್ನೇ ಹಾಕುತ್ತಿದ್ದೇನೆ. ಮನೆಯವಳು, “ಯಾರ ಶೋಕಾಚರಣೆ ರೀ?” ಅಂದಳು. ನಗು ಬರಲಿಲ್ಲ. ಹಿಂದೆ ಅಂಥ ಮಾತಿಗೆ ನಾನು ಎರಡು ಕೂಡಿಸಿ ಕೊಡುತ್ತಿದ್ದೆ.

ಅವಳ ತಂಗಿಯ ಮನೆಗೆ ಊಟಕ್ಕೆ ಕರೆದಿದ್ದರು. ಹೋಗಲಿಲ್ಲ. ಅಲ್ಲಿ ಫೋಟೋ ತೆಗೆಯುತ್ತಾರೆ. ರಾತ್ರಿಯೂಟ ಬಿಟ್ಟಿದ್ದೇನೆ, ಬೆಳಿಗ್ಗೆಯದು ತಾನಾಗಿ ಬಿಟ್ಟುಹೋಗಿದೆ. ತೂಕ ನೋಡುವ ಯಂತ್ರದ ಮೇಲೆ ನಿಂತರೆ ತೂಕಕ್ಕಿಂತ ತೂಕಡಿಕೆಯೇ ಹೆಚ್ಚು. ಆರೋಗ್ಯ ಚೆನ್ನಾಗಿದೆ.

“ಹೊಟ್ಟೆ ಇದ್ದಲ್ಲೇ ಇದೆ. ಇಳಿದಿರೋದು ನಿಮ್ಮ ನಗು” ಅಂದಳು. ಉತ್ತರಿಸಲಿಲ್ಲ. ಉಸಿರು ಒಳಗಿತ್ತು.

ಜುಲೈ ೨, ಮಂಗಳವಾರ

ಠ ಬಂದಿಲ್ಲ.

ಜುಲೈ ೪, ಗುರುವಾರ

ಇಂದೂ ಬಂದಿಲ್ಲ. ಅವರ ಟ್ರೆಡ್‌ಮಿಲ್ಲು ಖಾಲಿ. ಕನ್ನಡಿಯಲ್ಲಿ ಒಬ್ಬನೇ ಕಂಡೆ. ಇಷ್ಟು ದೊಡ್ಡವನೆಂದು ಗೊತ್ತಿರಲಿಲ್ಲ.

ತೋಳ ಕೇಳಿದ: “ಠ ಎಲ್ಲಿ ಅಂಕಲ್? ಬೋರ್ ಆಗ್ತಿದೆ. ಹೊಸದೊಂದು ಬಿಡಿ.”

ಬಿಡಲಿಲ್ಲ.

ಜುಲೈ ೮, ಸೋಮವಾರ

ಕಚೇರಿ ಮುಗಿಸಿ ಅವರ ಅಂಗಡಿಗೆ ಹೋದೆ. ಕಿರಿದಾದ ಉದ್ದನೆಯ ಅಂಗಡಿ. ಎರಡು ಗೋಡೆಗೂ ಮೂಗಿಲ್ಲದ, ಕಿವಿಯಿಲ್ಲದ ಕನ್ನಡಕಗಳು ಸಾಲಾಗಿ ಕೂತು ಬಂದವನನ್ನು ದಿಟ್ಟಿಸುತ್ತವೆ. ಸೆಖೆಯಲ್ಲೂ ಅವರು ಕುತ್ತಿಗೆವರೆಗೆ ಗುಂಡಿ ಹಾಕಿದ ದಪ್ಪ ಕೋಟು ತೊಟ್ಟಿದ್ದರು. ಕೆನ್ನೆ ಒಳಗೆ ಹೋಗಿತ್ತು. ಕಪಾಟಿನ ಕೆಳಗೆ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು.

“ಸಣ್ಣ ಆಗಿದ್ದೀರಿ” ಎಂದೆ. ನಾಲಿಗೆಗೆ ಬೇರೆ ಮಾತು ಬರುವುದೇ ಇಲ್ಲ ಈಗ.

“ಹೌದಾ? ನಿಜವಾಗ್ಲೂ?” ಅವರ ಕಣ್ಣು ಒಂದು ಕ್ಷಣ ಹೊಳೆಯಿತು. ಆಮೇಲೆ ಆರಿತು. “ನಿನ್ನೆ ಅಂಗಡಿಯಲ್ಲೇ ತಲೆ ಸುತ್ತಿ ಕೂತುಬಿಟ್ಟೆ. ಮನೆಯವಳು ಬೈದ್ಲು.”

ಏನಾಯಿತೆಂದು ಕೇಳಿದೆ. ಹೇಳಿದರು.

“ಒಂದು ಪುಟ್ಟ ಹುಡುಗಿ ಕಣ್ಣು ತೋರಿಸೋಕೆ ಬಂದಿತ್ತು ಗುರುಗಳೇ. ನಾನು ಠೀವಿ ಟೀ ಶರ್ಟ್ ಹಾಕಿದ್ದೆ. ಪಟದಲ್ಲಿ ಮೂರನೇ ಸಾಲು ಓದು ಪುಟ್ಟೀ ಅಂದೆ. ಪಟದಲ್ಲಿ ಠ ನೋಡ್ತು. ನನ್ನ ಶರ್ಟ್ ನೋಡ್ತು. ಶರ್ಟಿನೊಳಗಿನ ಹೊಟ್ಟೆ ನೋಡ್ತು. ‘ಅಂಕಲ್, ಇದು ನಿಮ್ಮ ಹೊಟ್ಟೆ, ಇದು ಹೊಕ್ಕುಳು’ ಅಂತು.” ಕೋಟಿನ ಮೇಲಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡು, “ಅವಳ ಕಣ್ಣಿಗೆ ಏನೂ ದೋಷ ಇಲ್ಲ ಅಂತ ಬರೆದುಕೊಟ್ಟೆ” ಎಂದರು.

ಆಗ ನೋಡಿದೆ. ಒಳಗಿನ ಗೋಡೆಯ ಮೇಲೆ, ದೊಡ್ಡ ಅಕ್ಷರದಿಂದ ಸಣ್ಣದಕ್ಕೆ ಇಳಿಯುವ ಕಣ್ಣು ಪರೀಕ್ಷೆಯ ಪಟ. ಮೂರನೇ ಸಾಲಿನಲ್ಲಿ ಒಂದು ಅಕ್ಷರದ ಮೇಲೆ ಬಿಳಿ ಕಾಗದದ ಚೂರು ಅಂಟಿಸಿದ್ದರು.

“ಊರಿಗೆಲ್ಲ ಚೆನ್ನಾಗಿ ಕಾಣೋ ಹಾಗೆ ಮಾಡೋನು ನಾನು. ಎಲ್ಲರಿಗೂ ಕಂಡಿದ್ದು ನನಗೆ ಕಂಡಿರಲಿಲ್ಲ, ನೋಡಿ. ನೀವೊಬ್ರೇ ಗುರುಗಳೇ, ನನಗೆ ನೋವಾಗಬಾರ್ದು ಅಂತ ಠೀವಿ ಅಂದ್ರಿ. ಅಷ್ಟು ಒಳ್ಳೆತನ ಯಾರಿಗಿರುತ್ತೆ?” ನನ್ನ ಕೈ ಹಿಡಿದುಕೊಂಡರು. “ಇದನ್ನ ಶುರು ಮಾಡಿದ್ದು ಯಾರು, ನಿಮಗೇನಾದ್ರೂ ಗೊತ್ತಾ?”

ಗೊತ್ತಿಲ್ಲ ಎಂದೆ.

ಜುಲೈ ೯, ಮಂಗಳವಾರ

ಕಚೇರಿಯಲ್ಲಿ ಒಂದನೇ ತರಗತಿಯ ಪುಸ್ತಕದ ಕರಡು. ಪುಟದ ತುಂಬ ಟ ಠ ಡ ಢ. ಕಣ್ಣು ಹಾಯಿಸಲಾಗಲಿಲ್ಲ. ಪಾಠದಲ್ಲಿ ಠ, ಹಠದಲ್ಲಿ ಠ, ಕಂಠದಲ್ಲಿ ಠ. ಠಕ್ಕನಲ್ಲಿ ಮೊದಲ ಅಕ್ಷರವೇ ಅದು.

ಅವರು ಊಟ ಮಾಡಿದರೋ ಇಲ್ಲವೋ.

ಜುಲೈ ೧೦, ಬುಧವಾರ

ಮತ್ತೆ ಹೋದೆ. ಹೇಳಿಯೇ ಬರುವುದೆಂದು ಹೋದವನು ಬಾಗಿಲಲ್ಲಿ ಅವರ ಮುಖ ಕಂಡು, “ಕಣ್ಣು ಯಾಕೋ ಮಂಜು” ಎಂದುಬಿಟ್ಟೆ. ಹೇಡಿತನಕ್ಕೂ ನೆಪಗಳ ಶಬ್ದಸಂಪತ್ತು ಇರುತ್ತದೆ.

ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಮೂಗಿನ ಮೇಲೆ ಪರೀಕ್ಷೆಯ ಭಾರವಾದ ಚೌಕಟ್ಟಿಟ್ಟು, ಒಂದು ಕಣ್ಣು ಮುಚ್ಚಿ, ಗಾಜು ಹಾಕಿದರು.

“ಮೇಲಿಂದ ಓದಿ.”

ಓದಿದೆ.

“ಎರಡನೇದು.”

ಓದಿದೆ.

“ಮೂರನೇದು.”

“ಗ… ಮ… ” ಬಿಳಿಯ ಚೂರು ಬಂತು. ಮುಂದಿನದಕ್ಕೆ ಹಾರಬಹುದಿತ್ತು. ಬಂದವರೆಲ್ಲ ಹಾಗೇ ಹಾರುತ್ತಾರೆ.

“ಠ” ಎಂದೆ.

“ಅಲ್ಲಿ ಏನೂ ಇಲ್ವಲ್ಲ ಗುರುಗಳೇ.”

“ಇತ್ತು. ಅದನ್ನ ಇಟ್ಟವನು ನಾನೇ.”

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ: ತೋಳ ನಮ್ಮನ್ನು ಅಣ್ಣತಮ್ಮ ಅಂದದ್ದು, ನೆಲದ ಮೇಲೆ ಬರೆದದ್ದು, ಹುಡುಗರು ನಕ್ಕದ್ದು, ನನಗೆ ಖುಷಿಯಾದದ್ದು. ಠೀವಿ ಎಂಬುದು ಒಳ್ಳೆತನವಲ್ಲ, ಸಿಕ್ಕಿಬೀಳುವ ಹೆದರಿಕೆ ಎಂದು. ಇಷ್ಟನ್ನೂ ಒಂದು ಕಣ್ಣು ಮುಚ್ಚಿಕೊಂಡೇ ಹೇಳಿದೆ. ಚೌಕಟ್ಟು ತೆಗೆಯಿರಿ ಎಂದು ಕೇಳುವ ಧೈರ್ಯ ಇರಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ನಾನೊಂದು ಮಾತು ಹೇಳಿ ಅಳಬಹುದಿತ್ತು. ಗಾಜು ಬದಲಿಸಿದರು. “ಹೀಗೆ ಸ್ಪಷ್ಟ ಕಾಣುತ್ತಾ, ಹೀಗಾ?”

“ಹೀಗೆ.”

“ನಿಮ್ಮ ನಂಬರ್ ಬದಲಾಗಿದೆ.” ಚೌಕಟ್ಟು ತೆಗೆದು ಬಟ್ಟೆಯಿಂದ ಒರೆಸಿದರು, ನನ್ನ ಮುಖ ತಾಗಿದ ಕಡೆಯೆಲ್ಲ, ನಿಧಾನವಾಗಿ. “ನಾನು ದಪ್ಪ ಅಂತ ನನಗೆ ಗೊತ್ತಿಲ್ವಾ ಸಾರ್? ಆ ಹುಡುಗ್ರು ನಗ್ತಾರೆ, ಅವರ ವಯಸ್ಸು. ನೀವು ಪಕ್ಕದಲ್ಲಿ ನಡೀತಿದ್ರಿ.”

ಗುರುಗಳೇ ಹೋಗಿ ಸಾರ್ ಬಂದಿತ್ತು.

ಬಾಗಿಲ ಬಳಿ ಹೋದಾಗ ಹಿಂದಿನಿಂದ ಕರೆದರು. “ಹಲಗೆ ಮೇಲಿನ ನಿಮ್ಮ ಫೋಟೋ. ಅದನ್ನ ಕಿತ್ತಿದ್ದೂ ನೀವೇನಾ?”

“ಹೂಂ.”

“ವಾಪಸ್ ಹಾಕಿ. ಅಲ್ಲಿ ನಾನೊಬ್ನೇ ಇದ್ದೀನಿ. ಅದು ಹಾಕಿದ ದಿನ ಬರ್ತೀನಿ.”

ಜುಲೈ ೧೨, ಶುಕ್ರವಾರ

ಗೆದ್ದೆ! ಇಂದಿನ ಪುಟವನ್ನು ದಪ್ಪಕ್ಷರದಲ್ಲಿ ಬರೆಯಬೇಕು. ದಪ್ಪ ಎಂಬ ಪದಕ್ಕೆ ನಾನಿನ್ನು ಹೆದರುವುದಿಲ್ಲ.

ನಿಘಂಟು ತೆರೆದರೆ ಫೋಟೋ ಪುಟಕ್ಕೆ ಅಂಟಿ ಮೂಲೆ ಹರಿದಿತ್ತು. ತರಬೇತುದಾರನ ಬಳಿ ನೇರವಾಗಿ ಹೋಗಿ, “ಅದನ್ನ ಕದ್ದವನು ನಾನು, ಹಾಳಾಗಿದೆ, ಇನ್ನೊಂದು ತೆಗಿ” ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕದಿಯೋಕೆ ಬೇರೇನೂ ಸಿಗಲಿಲ್ವಾ ಸಾರ್?” ಅಂದ.

ಕನ್ನಡಕದಂಗಡಿಯವರಿಗೆ ಮೊದಲೇ ಫೋನು ಮಾಡಿದ್ದೆ. ಬಂದರು. ಸಾದಾ ಬಿಳಿ ಅಂಗಿ. ಬಾಗಿಲಲ್ಲೇ ಕೈಕಟ್ಟಿ ನಿಂತರು. “ಊಟ ಆಯ್ತಾ?” ಎಂದೆ. “ಆಯ್ತು” ಎಂದರು. ಈಚೆಗೆ ನನ್ನೆದುರು ಯಾರೂ ಆಡದಷ್ಟು ಸುಂದರ ಮಾತು. ತೋಳ, “ಓ, ಠ ಬಂತು…” ಎಂದು ಶುರುಮಾಡಿದ. “ಆ ಹೆಸರು ನಾನಿಟ್ಟದ್ದು, ನಾನೇ ತೆಗೀತಿದ್ದೀನಿ. ಯಾರಾದರೂ ಇನ್ನೊಂದು ಸಲ ಅಂದ್ರೆ ಅದನ್ನ ನನಗೇ ಅಂದ ಹಾಗೆ” ಎಂದೆ. ತೋಳ ಹೆಗಲು ಕುಣಿಸಿ ತನ್ನ ತೋಳಿಗೆ ಮರಳಿದ.

ಎಲ್ಲರೆದುರು ಅಂಗಿ ಬಿಚ್ಚಿ ಪಕ್ಕಕ್ಕೆ ತಿರುಗಿದೆ.

“ಉಸಿರು ಬಿಡಿ ಸಾರ್.”

ಬಿಟ್ಟೆ. ತಲೆಯೆತ್ತಿ, ಹೊಟ್ಟೆ ಬಿಟ್ಟು, ಠೀವಿಯಿಂದ ನಿಂತೆ. ಯಾರು ನೋಡಿದರೇನು, ಯಾರು ನಕ್ಕರೇನು! ದೇಹದೊಳಗಿನ ಸಂದೇಹ ಹೊರಟುಹೋಗಿ ಬರಿಯ ದೇಹ ಉಳಿಯಿತು. ಅಲ್ಲೇ ಅಚ್ಚಾಗಿ ಬಂದ ಫೋಟೋವನ್ನು ನನ್ನ ಕೈಯಾರೆ ಅವರ ಫೋಟೋದ ಪಕ್ಕ ಚುಚ್ಚಿದೆ.

ಅವರು ಹತ್ತಿರ ಬಂದು, ಕನ್ನಡಕವನ್ನು ಹಣೆಗೇರಿಸಿ, ಎರಡನ್ನೂ ಒಂದೊಂದಾಗಿ ನೋಡಿದರು. ನನ್ನದನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ನನ್ನ ಕಡೆ ತಿರುಗಿ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದರು. ಆಮೇಲೆ, “ಬನ್ನಿ ಗುರುಗಳೇ, ನಡೆಯೋಣ” ಎಂದರು.

ಗುರುಗಳೇ ಎಂದರು!

ಬರೆದು ಮುಗಿಸಿದ್ದನ್ನು ಅಭ್ಯಾಸಬಲದಿಂದ ಕರಡಿನಂತೆ ಮತ್ತೊಮ್ಮೆ ಓದಿದೆ. ಒಂದು ತಪ್ಪು ಉಳಿದಿದೆ. ‘ಉಸಿರು ಬಿಡಿ ಸಾರ್’ ಎಂಬುದರ ಕೆಳಗಿನ ಸಾಲಿನಲ್ಲಿ ‘ಬಿಟ್ಟೆ’ ಎಂದಿರುವುದನ್ನು ‘ಬಿಡಲಿಲ್ಲ’ ಎಂದು ತಿದ್ದಿಕೊಳ್ಳಬೇಕು. ಮುಖ ಕೆಂಪಾಗದಂತೆ ಹಿಡಿದುಕೊಳ್ಳುವುದನ್ನು ಇಷ್ಟು ದಿನದಲ್ಲಿ ಕಲಿತಿದ್ದೇನೆ, ತರಬೇತುದಾರನಿಗೆ ತಿಳಿಯಲಿಲ್ಲ. ಕನ್ನಡಕದಂಗಡಿಯವರಿಗೆ ತಿಳಿಯಿತು. ಆದರೂ ಪಕ್ಕದಲ್ಲಿ ನಡೆದರು.

ಬಾಗಿಲು ಹಾಕಿದೆ, ಕೋಣೆಯಲ್ಲಿ ಯಾರೂ ಇಲ್ಲ, ಕನ್ನಡಿಯೂ ಇಲ್ಲ. ಈ ಸಾಲನ್ನೂ ಹೊಟ್ಟೆ ಒಳಗೆಳೆದುಕೊಂಡೇ ಬರೆಯುತ್ತಿದ್ದೇನೆ.